ಮೋಟರ್ ತಿರುಗಿಸಲಿ, ಭಾರ ಬೇರಿಂಗ್ ಹೊರಲಿ

ಮನುಷ್ಯನ ಆಕಾರದ ರೋಬೋಟ್ ಕಟ್ಟಲು ಹೊರಟವರು ಮೊದಲು ಹುಡುಕುವುದು ಮೋಟರ್. ಯಾವುದು ಎಷ್ಟು ಎತ್ತುತ್ತದೆ, ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದೇ ಮಾತು. ಆದರೆ ಕೈ ಲಡಲಡ ಅಲ್ಲಾಡುತ್ತಿದ್ದರೆ, ಬೆರಳು ಅರ್ಧಕ್ಕೇ ನಿಂತರೆ, ಮೊಣಕೈ ತಾನಾಗಿ ಜಾರಿ ಇಳಿದರೆ ದೊಡ್ಡ ಮೋಟರ್ ಹಾಕಿ ಪ್ರಯೋಜನ ಕಡಿಮೆ. ಭಾರ ಎಲ್ಲಿ ಕೂತಿದೆ, ಎಳೆತ ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ನೋಡಬೇಕು. ಕಾರಣ ಹೆಚ್ಚಿನ ಸಲ ಅಲ್ಲೇ ಇರುತ್ತದೆ.

ನನ್ನದು ಸೊಂಟದಿಂದ ಮೇಲಿನ ರೋಬೋಟ್. ಕಾಲಿಲ್ಲ, ಸ್ಟ್ಯಾಂಡ್ ಮೇಲೆ ನಿಲ್ಲುತ್ತದೆ. ನಡೆಯುವ ರೋಬೋಟ್ ಬೇರೆಯದೇ ಕಥೆ. ಜಪಾನಿನ ವಸೇಡಾ ವಿಶ್ವವಿದ್ಯಾಲಯದವರು 1973ರಲ್ಲೇ ವ್ಯಾಬಾಟ್-1 ಅನ್ನು ನಡೆಸಿದ್ದರು ನಿಜ. ಆದರೆ ಅದಕ್ಕೆ ಒಂದು ಲ್ಯಾಬೇ ಬೇಕು. ಮನೆಯ ಮೇಜಿನ ಮೇಲೆ ಶುರುಮಾಡುವವರಿಗೆ ಕೈಯೇ ಸರಿ. 2012ರಲ್ಲಿ ಫ್ರಾನ್ಸಿನ ಶಿಲ್ಪಿ ಗಾಯೆಲ್ ಲಾಂಜ್ವ್ಯಾಂ ಅವರ ಇನ್‌ಮೂವ್ ರೋಬೋಟ್ ಹುಟ್ಟಿದ್ದೂ 3ಡಿ ಪ್ರಿಂಟರಿನಲ್ಲಿ ಪ್ರಿಂಟ್ ಮಾಡಿದ ಒಂದು ಕೈಯಿಂದಲೇ. ಅದರ ವಿನ್ಯಾಸದ ಫೈಲುಗಳನ್ನು ನಾನು ಬಳಸಿಲ್ಲ. ಅಳತೆಗಳನ್ನು ಮೊದಲಿಂದ ನಾನೇ ಬರೆದುಕೊಂಡೆ. ಬಲಗೈ ಮತ್ತು ಕತ್ತು ಈಗ ಕೆಲಸ ಮಾಡುತ್ತಿವೆ. ಎಡಗೈ ಇನ್ನೂ ಬಿಡಿ ಭಾಗಗಳಾಗಿ ಡಬ್ಬದಲ್ಲಿದೆ.

ಬೆರಳು

ನಿಮ್ಮ ಒಂದು ಕೈಯಿಂದ ಇನ್ನೊಂದು ಮುಂಗೈಯನ್ನು ಹಿಡಿದುಕೊಂಡು ಬೆರಳುಗಳನ್ನು ಆಡಿಸಿ ನೋಡಿ. ಅಲುಗುವುದು ಮೊಣಕೈ ಹತ್ತಿರದ ಮಾಂಸ. ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಸ್ನಾಯುರಜ್ಜುಗಳು ಮಣಿಕಟ್ಟಿನ ಮೂಲಕ ಬೆರಳಿಗೆ ಹೋಗುತ್ತವೆ. ರೋಬೋಟ್‌ಗೂ ಇದೇ ಒಳ್ಳೆಯದು. ಬೆರಳಿನೊಳಗೆ ಮೋಟರ್ ತುರುಕಲು ಜಾಗ ಇಲ್ಲ, ತುರುಕಿದರೂ ಕೈ ತುದಿ ಭಾರವಾಗುತ್ತದೆ. ಹಾಗಾಗಿ ಮುಂಗೈಯೊಳಗೆ ಐದು ಎಂಜಿ996ಆರ್ ಸರ್ವೋ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್, ಕೂರಿಸಿದೆ. ಒಂದೊಂದು 55 ಗ್ರಾಂ. ಪ್ರತಿ ಬೆರಳಿಗೆ ಎರಡು ದಾರ, ಅಂಗೈ ಕಡೆಯಿಂದ ಒಂದು, ಬೆನ್ನಿನ ಕಡೆಯಿಂದ ಒಂದು.

ಮೊದಲ ಲೆಕ್ಕ ದಾರ ಎಷ್ಟು ಚಲಿಸಬೇಕು ಅನ್ನುವುದು. ಕೀಲಿನ ಪಿನ್ನಿನಿಂದ ದಾರ 5 ಮಿ.ಮೀ. ದೂರದಲ್ಲಿ ಹೋಗುತ್ತದೆ. ಕೀಲು 90 ಡಿಗ್ರಿ ಮಡಚಬೇಕಾದರೆ ದಾರ 5 ಗುಣಿಸು 1.57, ಅಂದರೆ ಸುಮಾರು 8 ಮಿ.ಮೀ. ಎಳೆಯಬೇಕು. ಬೆರಳಿಗೆ ಮೂರು ಕೀಲು, ಒಟ್ಟು 23.5 ಮಿ.ಮೀ. ಸರ್ವೋ 180 ಡಿಗ್ರಿ ತಿರುಗುತ್ತದೆ ಎಂದು ಡಬ್ಬದ ಮೇಲೆ ಬರೆದಿದ್ದರೂ ಎರಡೂ ಕೊನೆಯಲ್ಲಿ ಸ್ವಲ್ಪ ಬಿಟ್ಟು 150 ಡಿಗ್ರಿ ಹಿಡಿಯುವುದು ಕ್ಷೇಮ. ಆಗ ರಾಟೆಯ ತ್ರಿಜ್ಯ 9 ಮಿ.ಮೀ. ಬರುತ್ತದೆ. ಈ ಲೆಕ್ಕ ಮಾಡದೆ ಸುಮ್ನೆ ಒಂದು ರಾಟೆ ಹಾಕಿದರೆ ಎರಡರಲ್ಲಿ ಒಂದು ಆಗುತ್ತದೆ. ರಾಟೆ ಸಣ್ಣದಾದರೆ ಮುಷ್ಟಿ ಪೂರ್ತಿ ಕಟ್ಟುವುದಿಲ್ಲ, ದೊಡ್ಡದಾದರೆ ಹಿಡಿತದ ಬಲ ಕಡಿಮೆಯಾಗುತ್ತದೆ.

ಬಲದ ಲೆಕ್ಕವೂ ಇಲ್ಲಿಂದಲೇ. ಈ ಸರ್ವೋ 4.8 ವೋಲ್ಟಿನಲ್ಲಿ ನಿಂತುಹೋಗುವ ಹಂತಕ್ಕೆ 9.4 ಕೆಜಿ-ಸೆಂ.ಮೀ. ಕೊಡುತ್ತದೆ ಎಂದು ಡೇಟಾಶೀಟ್ ಹೇಳುತ್ತದೆ, ಅಂದರೆ ಅಕ್ಷದಿಂದ 1 ಸೆಂ.ಮೀ. ದೂರದಲ್ಲಿ 9.4 ಕೆಜಿ ಎಳೆತ. 9 ಮಿ.ಮೀ. ರಾಟೆಯಲ್ಲಿ ಅದು ದಾರಕ್ಕೆ ಸುಮಾರು 10 ಕೆಜಿ ಎಳೆತ. ಕೇಳಲು ಭರ್ಜರಿಯಾಗಿದೆ ಅಲ್ವಾ? ಆದರೆ ಆ ಎಳೆತ ಬೆರಳಿಗೆ ಹಾಗೇ ತಲುಪುವುದಿಲ್ಲ. ದಾರ ತಿರುವು ತೆಗೆದುಕೊಂಡಲ್ಲೆಲ್ಲ ಗೋಡೆಗೆ ಉಜ್ಜುತ್ತದೆ, ಉಜ್ಜಿದಲ್ಲೆಲ್ಲ ಎಳೆತ ಸೋರುತ್ತದೆ. ಈ ನಷ್ಟ ತಿರುವಿನ ಒಟ್ಟು ಕೋನದ ಜೊತೆ ಘಾತದ ಲೆಕ್ಕದಲ್ಲಿ ಏರುತ್ತದೆ. ದಾರಿಯಲ್ಲಿ ಒಟ್ಟು 180 ಡಿಗ್ರಿ ತಿರುವು ಇದೆ ಎಂದಿಟ್ಟುಕೊಳ್ಳಿ. ಪ್ರಿಂಟ್ ಮಾಡಿದ ಒರಟು ತೂತಿನಲ್ಲಿ ಘರ್ಷಣೆಯ ಗುಣಾಂಕ 0.3 ಇದ್ದರೆ ಆ ಕಡೆ ತಲುಪುವುದು ಶೇ 39 ಮಾತ್ರ. ಅದೇ ದಾರ ಟೆಫ್ಲಾನ್ ಟ್ಯೂಬಿನೊಳಗೆ ಹೋಗಿ ಗುಣಾಂಕ 0.1ಕ್ಕೆ ಇಳಿದರೆ ಶೇ 73 ತಲುಪುತ್ತದೆ. ಮೋಟರ್ ಅದೇ, ವೋಲ್ಟೇಜ್ ಅದೇ, ಹಿಡಿತ ಹೆಚ್ಚುಕಡಿಮೆ ಎರಡು ಪಟ್ಟು. 3ಡಿ ಪ್ರಿಂಟರ್‌ನ ಫಿಲಮೆಂಟ್ ಹೋಗುವ ಟ್ಯೂಬೇ ಸಾಕು, ಹೊರವ್ಯಾಸ 4, ಒಳವ್ಯಾಸ 2 ಮಿ.ಮೀ.

ಇಷ್ಟಾದ ಮೇಲೂ ಬೆರಳ ತುದಿಗೆ ಸಿಗುವುದು ಸ್ವಲ್ಪವೇ. ಗೆಣ್ಣಿನಿಂದ ತುದಿ 80 ಮಿ.ಮೀ. ದೂರ, ದಾರ ಎಳೆಯುವುದು ಪಿನ್ನಿನಿಂದ 5 ಮಿ.ಮೀ. ದೂರದಲ್ಲಿ. ಅಲ್ಲಿಗೆ ಬಲ ಹದಿನಾರನೇ ಒಂದು ಭಾಗ. ತುದಿಯಲ್ಲಿ ಉಳಿಯುವುದು ಅರ್ಧ ಕೆಜಿಗೂ ಕಡಿಮೆ, ಅದೂ ಸರ್ವೋ ನಿಂತುಹೋಗುವ ಹಂತದಲ್ಲಿ. ಬಿಸಿಯಾಗದೆ ಹಿಡಿದುಕೊಂಡೇ ಇರಬೇಕು ಅಂದರೆ ಅದರ ಮೂರನೇ ಒಂದು ಭಾಗ, 150 ಗ್ರಾಂನಷ್ಟು. ನಾಲ್ಕು ಬೆರಳು ಮತ್ತು ಹೆಬ್ಬೆರಳು ಸೇರಿ ಒಂದು ಲೋಟ ಹಿಡಿಯಲು ಇದು ಸಾಕು. ಆದರೆ ತುದಿಗೆ ಸಿಲಿಕೋನ್ ಹಚ್ಚಲೇಬೇಕು. ನುಣುಪಾದ ಪ್ಲಾಸ್ಟಿಕ್ ಬೆರಳಿಂದ ಯಾವ ವಸ್ತುವೂ ನಿಲ್ಲುವುದಿಲ್ಲ.

ದಾರವನ್ನು ಪಿನ್ನಿನಿಂದ ಇನ್ನಷ್ಟು ದೂರ ಇಟ್ಟರೆ ಬಲ ಜಾಸ್ತಿ ಬರುತ್ತಲ್ಲ ಅನಿಸಬಹುದು. ಬರುತ್ತದೆ. ಆದರೆ ಮಡಚಿದಾಗ ದಾರ ಬಿಲ್ಲಿನ ಹೆದೆಯ ಹಾಗೆ ಬೆರಳಿಂದ ಹೊರಗೆ ಎದ್ದು ನಿಲ್ಲುತ್ತದೆ. ಹಿಡಿದ ವಸ್ತುವಿಗೆ ದಾರವೇ ಅಡ್ಡ. ನಮ್ಮ ಬೆರಳಲ್ಲಿ ಇದನ್ನು ತಡೆಯಲು ಉಂಗುರದಂಥ ಐದು ಪಟ್ಟಿಗಳು ರಜ್ಜುವನ್ನು ಮೂಳೆಗೆ ಒತ್ತಿ ಹಿಡಿದಿರುತ್ತವೆ. ನಾನು ಪ್ರತಿ ಕೀಲಿನ ಎರಡೂ ಬದಿಯಲ್ಲಿ, ಪಿನ್ನಿಗೆ ಆದಷ್ಟು ಹತ್ತಿರ, ಟೆಫ್ಲಾನ್ ಟ್ಯೂಬಿನ ಸಣ್ಣ ತುಂಡು ಅಂಟಿಸಿದೆ. ದಾರ ಅದರೊಳಗಿಂದ ಹೋಗುತ್ತದೆ, ಹೊರಗೆ ಏಳುವುದಿಲ್ಲ.

ದಾರ ಅಂದರೆ ಗಾಳಕ್ಕೆ ಬಳಸುವ ಹೆಣೆದ ಪಾಲಿಎಥಿಲೀನ್ ದಾರ. ಒಂದೇ ಎಳೆಯ ನೈಲಾನ್ ಬೇಡ, ರಬ್ಬರಿನಂತೆ ಹಿಗ್ಗುತ್ತದೆ. ಸರ್ವೋ ತಿರುಗುತ್ತದೆ, ಬೆರಳು ತಡವಾಗಿ ಏಳುತ್ತದೆ. ಹೆಣೆದ ದಾರ ಹಿಗ್ಗುವುದು ತೀರಾ ಕಡಿಮೆ, ಆದರೆ ಅದಕ್ಕೆ ಎರಡು ಚಾಳಿ. ಸಿಕ್ಕಾಪಟ್ಟೆ ಜಾರುತ್ತದೆ, ಸಾಮಾನ್ಯ ಗಂಟು ಎಳೆದ ತಕ್ಷಣ ಬಿಚ್ಚಿಕೊಳ್ಳುತ್ತದೆ. ಪಾಲಿಎಥಿಲೀನ್ ಆದ್ದರಿಂದ ಅಂಟೂ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಎರಡನೆಯದು, ಬಿಗಿಯಾಗಿ ಇಟ್ಟೇ ಇದ್ದರೆ ನಿಧಾನಕ್ಕೆ ಉದ್ದವಾಗುತ್ತಾ ಹೋಗುತ್ತದೆ. ಎರಡಕ್ಕೂ ಒಂದೇ ಉಪಾಯ ಸಾಕಾಯಿತು. ರಾಟೆಯ ಪಕ್ಕಕ್ಕೆ ಎಂ3 ಸ್ಕ್ರೂ, ಅದರ ಕೆಳಗೆ ವಾಷರ್. ದಾರವನ್ನು ವಾಷರ್ ಕೆಳಗೆ ಎರಡು ಸುತ್ತು ಸುತ್ತಿ ಸ್ಕ್ರೂ ಬಿಗಿ ಮಾಡುವುದು. ಸಡಿಲವಾದಾಗ ಸ್ಕ್ರೂ ತುಸು ಬಿಚ್ಚಿ, ಇಕ್ಕಳದಿಂದ ದಾರ ಎಳೆದು, ಮತ್ತೆ ಬಿಗಿ ಮಾಡಿದರೆ ಆಯಿತು. ಗಂಟಿನ ಗೊಡವೆಯೇ ಇಲ್ಲ. ಜೋಡಿಸುವ ಮುಂಚೆ ದಾರಕ್ಕೆ ಒಂದಿಷ್ಟು ತೂಕ ಕಟ್ಟಿ ರಾತ್ರಿಯಿಡೀ ನೇತುಹಾಕುವುದು ಇನ್ನೂ ಒಳ್ಳೆಯದು. ಮೊದಲ ಹಿಗ್ಗು ಅಲ್ಲೇ ಮುಗಿಯುತ್ತದೆ.

ಒಂದೇ ರಾಟೆಗೆ ಎರಡೂ ದಾರ ಕಟ್ಟಿದಾಗ ಇನ್ನೊಂದು ತಕರಾರು ಕಾಣಿಸುತ್ತದೆ. ಅಂಗೈ ಕಡೆಯ ದಾರ ಪಿನ್ನಿನಿಂದ ಎಷ್ಟು ದೂರವೋ ಬೆನ್ನಿನ ದಾರವೂ ಎಲ್ಲ ಕೋನದಲ್ಲೂ ಅಷ್ಟೇ ದೂರ ಇರುವುದಿಲ್ಲ. ಹೀಗಾಗಿ ಒಂದು ಕಡೆ ಎಳೆದಷ್ಟೇ ಇನ್ನೊಂದು ಕಡೆ ಬಿಡುವುದಿಲ್ಲ. ನಡುವೆ ಎಲ್ಲೋ ಒಂದು ದಾರ ಸಡಿಲವಾಗಿ ರಾಟೆಯಿಂದ ಕಳಚುತ್ತದೆ, ಇಲ್ಲವೇ ಎರಡೂ ಬಿಗಿಯಾಗಿ ಸರ್ವೋ ಗುಂಯ್ ಅನ್ನುತ್ತದೆ. ಬೆನ್ನಿನ ದಾರದ ನಡುವೆ ಒಂದು ಸಣ್ಣ ಎಳೆಯುವ ಸ್ಪ್ರಿಂಗ್ ಸೇರಿಸಿದ ಮೇಲೆ ಈ ವ್ಯತ್ಯಾಸವನ್ನು ಅದೇ ನುಂಗಿಕೊಳ್ಳುತ್ತಿದೆ. ಬೆರಳು ಬಿಚ್ಚಲು ಹೇಗೂ ಜಾಸ್ತಿ ಬಲ ಬೇಡ.

ಪ್ರಿಂಟ್ ಮಾಡುವಾಗ ಬೆರಳಿನ ತುಂಡುಗಳನ್ನು ನಿಲ್ಲಿಸಬಾರದು, ಪಕ್ಕಕ್ಕೆ ಮಲಗಿಸಬೇಕು. ನಿಲ್ಲಿಸಿದರೆ ಪದರಗಳು ಬೆರಳಿಗೆ ಅಡ್ಡ ಬರುತ್ತವೆ, ಗೆಣ್ಣಿನ ಹತ್ತಿರ ಕಟಕ್ ಎಂದು ಪದರದಲ್ಲೇ ಮುರಿಯುತ್ತದೆ. ಮಲಗಿಸಿದರೆ ಪದರಗಳು ಉದ್ದಕ್ಕೆ ಹೋಗುತ್ತವೆ, ಪಿನ್ನಿನ ತೂತು ಮೇಲ್ಮುಖವಾಗಿ ದುಂಡಗೆ ಬರುತ್ತದೆ. ದಾರದ ತೂತು ಮಾತ್ರ ಅಡ್ಡಡ್ಡ ಬಂದು ಅದರ ಚಾವಣಿ ಜೋಲುತ್ತದೆ. ಅದನ್ನು ದುಂಡಗೆ ಬರೆಯದೆ ನೀರಿನ ಹನಿಯ ಆಕಾರದಲ್ಲಿ ಬರೆದರೆ ಸಪೋರ್ಟ್ ಇಲ್ಲದೆ ಬರುತ್ತದೆ. ಪಿನ್‌ಗೆ 3 ಮಿ.ಮೀ. ಉಕ್ಕಿನ ಸರಳು. ತೂತನ್ನು 3 ಮಿ.ಮೀ. ಎಂದೇ ಬರೆದರೆ ಪ್ರಿಂಟ್ ಆದಾಗ ಕಿರಿದಾಗಿರುತ್ತದೆ. ಅಲುಗುವ ತುಂಡಿಗೆ 3.3 ಬರೆದು ಆಮೇಲೆ ಕೈಯಲ್ಲೇ ಡ್ರಿಲ್ ಬಿಟ್ ತಿರುಗಿಸಿ ಒಳಗೆ ಸವರಿದೆ. ಹೊರಗಿನ ಎರಡು ಕಿವಿಗಳಲ್ಲಿ ಪಿನ್ ಬಿಗಿಯಾಗಿ ಕೂರಬೇಕು, ನಡುವಿನ ತುಂಡು ಮಾತ್ರ ತಿರುಗಬೇಕು. ಬೆರಳನ್ನು ಎತ್ತಿ ಬಿಟ್ಟರೆ ತನ್ನ ತೂಕಕ್ಕೇ ಬೀಳಬೇಕು. ಅಷ್ಟು ಸಲೀಸಾಗದ ಬೆರಳಿಗೆ ದಾರ ಹಾಕುವುದು ವ್ಯರ್ಥ.

ಮಣಿಕಟ್ಟು

ಹತ್ತು ದಾರಗಳು ಮಣಿಕಟ್ಟಿನ ಮೂಲಕ ಹೋಗಬೇಕು, ಮಣಿಕಟ್ಟು ತಿರುಗಲೂ ಬೇಕು. ಇಲ್ಲಿಗೆ 6805 ಬೇರಿಂಗ್ ಹೇಳಿ ಮಾಡಿಸಿದ ಹಾಗಿದೆ. ಒಳವ್ಯಾಸ 25, ಹೊರವ್ಯಾಸ 37, ದಪ್ಪ ಬರೀ 7 ಮಿ.ಮೀ. ನಡುವಿನ ದೊಡ್ಡ ತೂತಿನಲ್ಲಿ ದಾರಗಳು ಹೋಗುತ್ತವೆ. ಕೈಯ ಭಾರವೆಲ್ಲ ಬೇರಿಂಗ್ ಮೇಲೆ. ತಿರುಗಿಸುವ ಸರ್ವೋ ಪಕ್ಕದಲ್ಲಿ ಕೂತು ಒಂದು ಜೊತೆ ಗೇರಿನಿಂದ ತಿರುಗಿಸುತ್ತದೆ ಅಷ್ಟೇ. ಸರ್ವೋದ ಶಾಫ್ಟಿಗೆ ಕೂರುವ ಪಟ್ಟಿಯಾದ ಹಾರ್ನ್‌ಗೆ ನೇರವಾಗಿ ಕೈಯನ್ನು ಸ್ಕ್ರೂ ಮಾಡುವ ವಿನ್ಯಾಸಗಳು ಬೇಕಾದಷ್ಟಿವೆ. ಅಲ್ಲಿ ಕೈಯ ಪೂರ್ತಿ ಭಾರ ಸರ್ವೋದೊಳಗಿನ ಪುಟ್ಟ ಬೇರಿಂಗ್ ಮೇಲೆ ಓರೆಯಾಗಿ ಬೀಳುತ್ತದೆ. ಕೆಲವೇ ದಿನದಲ್ಲಿ ಸಡಿಲ ಬರುತ್ತದೆ, ಕೈ ತೂರಾಡುತ್ತದೆ.

ಮಣಿಕಟ್ಟನ್ನು 90 ಡಿಗ್ರಿ ತಿರುಗಿಸಿದಾಗ ಬೆರಳುಗಳು ತಾವಾಗೇ ಸ್ವಲ್ಪ ಮಡಚುತ್ತವೆ. ದಾರಗಳು ನಡುರೇಖೆಯಿಂದ 8 ಮಿ.ಮೀ. ದೂರದಲ್ಲಿವೆ, ಟ್ಯೂಬ್ ಇಲ್ಲದೆ ಬಿಡಿಯಾಗಿ ಹೋಗುವ ಉದ್ದ 60 ಮಿ.ಮೀ. ತಿರುಚಿದಾಗ ಆ ದಾರಿ ಓರೆಯಾಗಿ 1 ಮಿ.ಮೀ.ನಷ್ಟು ಉದ್ದವಾಗುತ್ತದೆ. ಎರಡೂ ದಾರ ಎಳೆದುಕೊಂಡರೂ ಬೆನ್ನಿನ ದಾರದಲ್ಲಿ ಸ್ಪ್ರಿಂಗ್ ಇರುವುದರಿಂದ ಅಂಗೈ ಕಡೆಯದೇ ಗೆಲ್ಲುತ್ತದೆ. 23.5 ಮಿ.ಮೀ.ಗೆ ಬೆರಳು ಒಟ್ಟು 270 ಡಿಗ್ರಿ ಮಡಚುವುದಾದರೆ 1 ಮಿ.ಮೀ.ಗೆ ಹನ್ನೊಂದು ಡಿಗ್ರಿ. ದಾರಗಳನ್ನು ನಡುರೇಖೆಗೆ ಇನ್ನಷ್ಟು ಹತ್ತಿರ ತಂದರೆ ಇದು ಬೇಗ ಕಡಿಮೆಯಾಗುತ್ತದೆ. ಉಳಿದದ್ದನ್ನು ಪ್ರೋಗ್ರಾಮ್‌ನಲ್ಲೇ ಕಳೆದೆ. ಮಣಿಕಟ್ಟಿನ ಕೋನ ನೋಡಿ ಬೆರಳಿನ ಸರ್ವೋವನ್ನು ಅಷ್ಟು ಸಡಿಲ ಬಿಡುವುದು.

ಮೊಣಕೈ

ಕೈಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಮೊದಲು ತೂಕ. ಮುಂಗೈಯ ಐದು ಸರ್ವೋ 275 ಗ್ರಾಂ, ಪ್ಲಾಸ್ಟಿಕ್ ಚಿಪ್ಪು ಮತ್ತು ಉಳಿದದ್ದು 350 ಗ್ರಾಂ. ಎರಡೂ ಸೇರಿ ಮೊಣಕೈಯಿಂದ 14 ಸೆಂ.ಮೀ. ದೂರದಲ್ಲಿವೆ ಎಂದುಕೊಂಡರೆ 8.75 ಕೆಜಿ-ಸೆಂ.ಮೀ. ಅಂಗೈ ಮತ್ತು ಬೆರಳು 200 ಗ್ರಾಂ, 30 ಸೆಂ.ಮೀ. ದೂರ, 6. ಕೈಯಲ್ಲಿ 250 ಗ್ರಾಂನ ಒಂದು ವಸ್ತು, 33 ಸೆಂ.ಮೀ. ದೂರ, 8.25. ಒಟ್ಟು 23 ಕೆಜಿ-ಸೆಂ.ಮೀ. ಇದು ಮುಂಗೈ ನೆಲಕ್ಕೆ ಸಮಾನಾಂತರವಾಗಿ ನಿಂತಾಗಿನ ಲೆಕ್ಕ. ಸರ್ವೋ ಆಗಿದ್ದರೆ ಇದರ ಮೂರು ಪಟ್ಟು, ಅಂದರೆ 70 ಕೆಜಿ-ಸೆಂ.ಮೀ.ಯದ್ದು ಬೇಕು. ಸಿಗುತ್ತವೆ. ಆದರೆ ಕೈ ಎತ್ತಿ ಹಿಡಿದಷ್ಟು ಹೊತ್ತೂ ಅದು ಕರೆಂಟ್ ಎಳೆಯುತ್ತಾ, ಬಿಸಿಯಾಗುತ್ತಾ ಇರುತ್ತದೆ.

ಹಾಗಾಗಿ ಲೀಡ್‌ಸ್ಕ್ರೂ ಹಾಕಿದೆ. ತೋಳಿನ ಉದ್ದಕ್ಕೆ ತಿರುಪಿನ ಸರಳು, ಮೇಲ್ತುದಿಯಲ್ಲಿ ಸಣ್ಣ ಗೇರ್ ಮೋಟರ್. ತಿರುಪಿನ ಮೇಲೆ ಓಡಾಡುವ ಹಿತ್ತಾಳೆ ನಟ್ ಮುಂಗೈಯನ್ನು ಮೊಣಕೈ ಅಕ್ಷದಿಂದ 40 ಮಿ.ಮೀ. ದೂರದಲ್ಲಿ ಹಿಡಿದು ಎಳೆಯುತ್ತದೆ. ನಮ್ಮ ತೋಳಿನ ಸ್ನಾಯು ಮಾಡುವುದೂ ಇದನ್ನೇ.

ಇಲ್ಲಿ ತಿರುಪಿನ ಆಯ್ಕೆ ಮುಖ್ಯ. 3ಡಿ ಪ್ರಿಂಟರ್‌ಗಳಲ್ಲಿ ಬರುವ 8 ಮಿ.ಮೀ. ಟಿ8 ಸರಳಿನಲ್ಲಿ ನೋಡಲು ಒಂದೇ ಥರ ಇರುವ ಎರಡು ಜಾತಿಗಳಿವೆ. ಒಂದರಲ್ಲಿ ನಾಲ್ಕು ಎಳೆ, ಒಂದು ಸುತ್ತಿಗೆ ನಟ್ 8 ಮಿ.ಮೀ. ಓಡುತ್ತದೆ. ಇನ್ನೊಂದರಲ್ಲಿ ಒಂದೇ ಎಳೆ, ಸುತ್ತಿಗೆ 2 ಮಿ.ಮೀ. ಮೊದಲನೆಯದರ ಇಳಿಜಾರು ಸುಮಾರು 20 ಡಿಗ್ರಿ, ಎರಡನೆಯದರದು 5 ಡಿಗ್ರಿ. ಉಕ್ಕು-ಹಿತ್ತಾಳೆ ನಡುವಿನ ಘರ್ಷಣೆಯ ಗುಣಾಂಕ 0.15 ಅಂದುಕೊಂಡರೆ ನಟ್ ತಾನಾಗಿ ಜಾರಲು ಇಳಿಜಾರು 8.5 ಡಿಗ್ರಿಗಿಂತ ಜಾಸ್ತಿ ಇರಬೇಕು. ಅಂದರೆ 8 ಮಿ.ಮೀ.ಯದ್ದು ಕೈಯ ಭಾರಕ್ಕೇ ಹಿಂದಕ್ಕೆ ತಿರುಗಿ ಇಳಿದುಬಿಡುತ್ತದೆ, 2 ಮಿ.ಮೀ.ಯದ್ದು ಕರೆಂಟ್ ತೆಗೆದರೂ ನಿಂತಲ್ಲೇ ನಿಲ್ಲುತ್ತದೆ. ನನಗೆ ಬೇಕಿದ್ದದ್ದು ಎರಡನೆಯದು. ಕೈ ಎತ್ತಿಟ್ಟು ಸ್ವಿಚ್ ಆರಿಸಿದರೂ ಕೈ ಎತ್ತಿದಂತೇ ಇರುತ್ತದೆ, ಮೋಟರ್ ತಣ್ಣಗಿರುತ್ತದೆ.

ಇದಕ್ಕೆ ತೆರಬೇಕಾದದ್ದು ವೇಗ. 110 ಡಿಗ್ರಿ ಆಡಲು ನಟ್ 65 ಮಿ.ಮೀ. ಓಡಬೇಕು, ಸುಮಾರು 33 ಸುತ್ತು. ನಿಮಿಷಕ್ಕೆ 600 ಸುತ್ತಿನ ಮೋಟರ್ ಹಾಕಿದರೂ ಮೂರು ಸೆಕೆಂಡಿಗಿಂತ ಮೇಲೆ. ಬೀಸಿ ಹೊಡೆಯುವ ಕೈ ಇದಲ್ಲ. ಆದರೆ ಬಲದ ಕಡೆ ಲಾಭ ನೋಡಿ. ಮುಂಗೈ ಅಡ್ಡ ನಿಂತಾಗ ನಟ್ ಎಳೆಯಬೇಕಾದದ್ದು 6 ಕೆಜಿ, ಅದಕ್ಕೆ ತಿರುಪಿಗೆ ಬೇಕಾದ ತಿರುಚುಬಲ ಅರ್ಧ ಕೆಜಿ-ಸೆಂ.ಮೀ. ಮಾತ್ರ. 25 ಮಿ.ಮೀ. ವ್ಯಾಸದ ಸಾಧಾರಣ ಗೇರ್ ಮೋಟರ್ ಇದನ್ನು ಆಡಾಡುತ್ತಾ ಮಾಡುತ್ತದೆ.

ಮೊಣಕೈ ಅಕ್ಷದಿಂದ ನಟ್ ಹಿಡಿದ ಜಾಗದವರೆಗಿನ 40 ಮಿ.ಮೀ.ಯ ಆ ತುಂಡು, ಅಂದರೆ ಕ್ರ್ಯಾಂಕ್, ತಿರುಪಿಗೆ ಸರಿಯಾಗಿ ಲಂಬವಾಗಿದ್ದಾಗಲೇ ಪೂರ್ತಿ 40 ಕೆಲಸಕ್ಕೆ ಬರುವುದು. 55 ಡಿಗ್ರಿ ಆ ಕಡೆ ಈ ಕಡೆ ಹೋದಾಗ ಅದು 23 ಮಿ.ಮೀ.ಗೆ ಇಳಿಯುತ್ತದೆ. ಆದ್ದರಿಂದ ಭಾರ ಜಾಸ್ತಿ ಇರುವ ಕೋನದ ಹತ್ತಿರವೇ ಲಂಬ ಬರುವಂತೆ ಇಡಬೇಕು. ಮೊಣಕೈ 75 ಡಿಗ್ರಿ ಮಡಚಿದಾಗ ಲಂಬ ಬರುವ ಹಾಗೆ ಇಟ್ಟೆ. ಹೀಗೆ 20ರಿಂದ 130 ಡಿಗ್ರಿವರೆಗೆ ಆಡುತ್ತದೆ. ಪೂರ್ತಿ ನೇರ ಆಗುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಸುಮ್ಮನೆ ನಿಂತ ಮನುಷ್ಯನ ಮೊಣಕೈಯೂ ತುಸು ಮಡಚಿಯೇ ಇರುತ್ತದೆ. ಕೋಲಿನ ಹಾಗೆ ನೆಟ್ಟಗೆ ಜೋತುಬಿದ್ದ ಕೈಗಿಂತ ಇದೇ ಚೆಂದ ಕಾಣುತ್ತದೆ.

ಮುಂಗೈ ತಿರುಗುವಾಗ ಕ್ರ್ಯಾಂಕ್ ವೃತ್ತದಲ್ಲಿ ಹೋಗುತ್ತದೆ, ನಟ್ ಸರಳರೇಖೆಯಲ್ಲಿ. ನಡುವೆ ಎಲ್ಲೋ ಒಂದು ಕಡೆ ಅಲುಗಲು ಅವಕಾಶ ಕೊಡದಿದ್ದರೆ ತಿರುಪು ಬಾಗುತ್ತದೆ. ಮೋಟರ್ ಕೂರುವ ಬ್ರ್ಯಾಕೆಟ್ಟನ್ನೇ ಎರಡು ಪಿನ್ ಮೇಲೆ ತೂಗಬಿಟ್ಟೆ. ನಟ್ ಹಿಡಿದ ತುಂಡೂ ತನ್ನ ಪಿನ್ ಮೇಲೆ ತಿರುಗುತ್ತದೆ. ಹಾಗಾಗಿ ತಿರುಪಿನ ಮೇಲೆ ಬೀಳುವುದು ನೇರ ಎಳೆತ ಮಾತ್ರ.

ಆ 6 ಕೆಜಿ ಎಳೆತ ಎಲ್ಲಿಗೆ ಹೋಗುತ್ತದೆ? ತಿರುಪನ್ನು ಮೋಟರಿಗೆ ಕಪ್ಲರ್‌ನಿಂದ ಜೋಡಿಸಿ ಬಿಟ್ಟರೆ ನೇರವಾಗಿ ಗೇರ್‌ಬಾಕ್ಸಿನ ಶಾಫ್ಟಿಗೆ. ಅದು ತಿರುಗಲು ಮಾಡಿದ್ದು, ಎಳೆಸಿಕೊಳ್ಳಲು ಅಲ್ಲ. ಸುರುಳಿ ಕಡಿತದ ಅಲ್ಯುಮಿನಿಯಂ ಕಪ್ಲರ್ ಆಗಿದ್ದರೆ ಅದು ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗಿ ಕೈ ಜಗ್ಗಾಡುತ್ತದೆ. ತಿರುಪಿನ ಮೇಲೆ ಒಂದು ಕಾಲರ್, ಅದರ ಎರಡೂ ಬದಿಗೆ ಅಕ್ಷದ ಉದ್ದಕ್ಕೆ ಬೀಳುವ ಭಾರ ಹೊರುವ ಎಫ್8-16ಎಂ ಥ್ರಸ್ಟ್ ಬೇರಿಂಗ್, ಎರಡನ್ನೂ ಬ್ರ್ಯಾಕೆಟ್ಟಿನ ಗೂಡಿನೊಳಗೆ ಅಲುಗದಂತೆ ಕೂರಿಸಿದೆ. ಎಳೆದರೆ ಒಂದು ಹೊರುತ್ತದೆ, ತಳ್ಳಿದರೆ ಇನ್ನೊಂದು. ಮೋಟರಿಗೆ ತಿರುಗಿಸುವ ಕೆಲಸ ಬಿಟ್ಟು ಬೇರೇನೂ ಇಲ್ಲ. ಕೈ ಹಿಡಿದು ಅಲ್ಲಾಡಿಸಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಮೊಣಕೈ ಅಕ್ಷಕ್ಕೆ 8 ಮಿ.ಮೀ. ಸರಳು, ಎರಡು 608 ಬೇರಿಂಗ್. ಸ್ಕೇಟ್ ಚಕ್ರಗಳಲ್ಲಿ ಬರುವುದೇ, 8-22-7 ಅಳತೆ. ಎರಡನ್ನೂ ಪಕ್ಕಪಕ್ಕ ಇಡಬೇಡಿ, ಆದಷ್ಟು ದೂರ ಇಡಿ. ಬೇರಿಂಗಿನೊಳಗೆ ಎಷ್ಟೇ ಕಡಿಮೆ ಅಲುಗಾಟ ಇದ್ದರೂ ಅದು ಬೆರಳ ತುದಿಗೆ ಹೋಗುವಷ್ಟರಲ್ಲಿ ದೊಡ್ಡದಾಗುತ್ತದೆ. ದೂರ ಇಟ್ಟಷ್ಟೂ ಆ ಅಲುಗಾಟದ ಕೋನ ಕಡಿಮೆ.

ಗೇರ್ ಮೋಟರಿಗೆ ತಾನು ಎಲ್ಲಿದ್ದೇನೆ ಎಂದು ಗೊತ್ತಿರುವುದಿಲ್ಲವಾದ್ದರಿಂದ ಕೀಲಿನ ಮೇಲೇ ಎಎಸ್5600 ಎಂಬ ಕಾಂತ ಸೆನ್ಸರ್ ಇಟ್ಟೆ. ಒಂದು ಸುತ್ತಿಗೆ 4096 ಹೆಜ್ಜೆ ಓದುತ್ತದೆ. ಅದರ ಎದುರಿಗೆ ಇಡುವ ಕಾಂತದ ಉತ್ತರ-ದಕ್ಷಿಣ ಅಡ್ಡಡ್ಡ ಇರಬೇಕು, ಮೇಲೆ ಕೆಳಗೆ ಇರುವ ಸಾಮಾನ್ಯ ಬಿಲ್ಲೆ ಕಾಂತ ನಡೆಯುವುದಿಲ್ಲ. ಕಂಟ್ರೋಲರ್ ಇದನ್ನು ಗುರುತಿಸುವ ಐ2ಸಿ ವಿಳಾಸ ಬದಲಿಸಲು ಬರುವುದಿಲ್ಲ, ಎಲ್ಲವೂ 0x36. ಭುಜಕ್ಕೂ ಇದನ್ನೇ ಹಾಕುವುದಾದರೆ ನಡುವೆ ಒಂದೊಂದನ್ನೇ ಆರಿಸಿ ಓದಿಸುವ ಟಿಸಿಎ9548ಎ ಮಲ್ಟಿಪ್ಲೆಕ್ಸರ್ ಬೇಕು.

ಒಂದು ಎಚ್ಚರಿಕೆ. ಕರೆಂಟ್ ಹೋದರೂ ನಿಂತಲ್ಲೇ ನಿಲ್ಲುವ ಕೀಲಿನ ನಡುವೆ ಬೆರಳು ಸಿಕ್ಕಿಕೊಂಡರೆ ಸ್ವಿಚ್ ಆರಿಸಿದರೂ ಬಿಡುವುದಿಲ್ಲ. ಮೋಟರಿನ ಮೇಲ್ತುದಿಯ ಮುಚ್ಚಳ ತೆಗೆದು ತಿರುಪನ್ನು ಕೈಯಲ್ಲೇ ತಿರುಗಿಸಲು ಒಂದು ಹಿಡಿ ಇಟ್ಟಿದ್ದೇನೆ. ಎರಡೂ ಕೊನೆಯಲ್ಲಿ ಲಿಮಿಟ್ ಸ್ವಿಚ್ ಕೂಡ ಇದೆ.

ಭುಜ, ಕತ್ತು

ಭುಜದಲ್ಲಿ ಲೆಕ್ಕ ಒಮ್ಮೆಲೇ ಏರುತ್ತದೆ. ತೋಳು 700 ಗ್ರಾಂ, 15 ಸೆಂ.ಮೀ. ದೂರ. ಮುಂಗೈ 44 ಸೆಂ.ಮೀ. ದೂರಕ್ಕೆ, ಅಂಗೈ 60ಕ್ಕೆ ಹೋಗುತ್ತವೆ. ಕೈ ಚಾಚಿದರೆ ಬರಿಗೈಗೇ 50 ಕೆಜಿ-ಸೆಂ.ಮೀ. ವಸ್ತು ಹಿಡಿದರೆ 65 ದಾಟುತ್ತದೆ. ಕಾರಿನ ವೈಪರ್ ಮೋಟರ್ ಒಳಗೇ ಭಾರಕ್ಕೆ ಸುಲಭವಾಗಿ ಹಿಂದಕ್ಕೆ ತಿರುಗದ ವರ್ಮ್ ಗೇರ್ ಇರುವುದರಿಂದ ಎತ್ತುವ ಅಕ್ಷಕ್ಕೆ ಅದನ್ನೇ ಹಾಕಿದೆ. ತೋಳು ಕೂತಿರುವುದು ಮಾತ್ರ ಪ್ರತ್ಯೇಕ ಬೇರಿಂಗ್‌ಗಳ ಮೇಲೆ, ಮೋಟರ್ ಶಾಫ್ಟಿನಿಂದ ತಿರುಚುಬಲ ಮಾತ್ರ ಎರಡು ಪಿನ್ ಮೂಲಕ ದಾಟುತ್ತದೆ. ಅಕ್ಷದಿಂದ 5 ಸೆಂ.ಮೀ. ದೂರದಲ್ಲಿ 5 ಕೆಜಿ ಎಳೆಯುವ ಸ್ಪ್ರಿಂಗ್ ಕಟ್ಟಿದರೆ ಅಡ್ಡ ಚಾಚಿದ ಕೈಯ ಅರ್ಧ ಭಾರ ಅದೇ ಹೊತ್ತುಕೊಳ್ಳುತ್ತದೆ. ಕೈ ಕೆಳಗೆ ಜೋತಾಗ ಸ್ಪ್ರಿಂಗಿನ ರೇಖೆ ಅಕ್ಷದ ಮೇಲೇ ಹಾಯುವಂತೆ ಕೊಕ್ಕೆ ಇಡಬೇಕು, ಆಗ ಬೇಡದ ಎಳೆತ ಇರುವುದಿಲ್ಲ. ಭುಜದ ತುಂಡುಗಳನ್ನು ಸಾಮಾನ್ಯ ಪ್ರಿಂಟಿಂಗ್ ಪ್ಲಾಸ್ಟಿಕ್ ಆದ ಪಿಎಲ್‌ಎಯಲ್ಲಿ ಪ್ರಿಂಟ್ ಮಾಡಬೇಡಿ. 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದು ಮೆತ್ತಗಾಗುತ್ತದೆ, ಬಿಸಿಯಾದ ಮೋಟರ್ ಪಕ್ಕದಲ್ಲಿ ಭಾರ ಹೊತ್ತರೆ ಅದಕ್ಕೂ ಮುಂಚೆಯೇ ಬಾಗುತ್ತದೆ. ಪಿಇಟಿಜಿ ಪ್ಲಾಸ್ಟಿಕ್ ವಾಸಿ.

ಕತ್ತಿಗೆ ನಡುವೆ ಹಿಂದೆ ಮುಂದೆ, ಪಕ್ಕಕ್ಕೆ ಎರಡೂ ಕಡೆ ಬಾಗುವ ಒಂದು ಯೂನಿವರ್ಸಲ್ ಜಾಯಿಂಟ್, ಹಿಂದೆ ಎರಡು ಸರ್ವೋಗಳಿಂದ ಬಾಲ್ ಲಿಂಕ್ ಇರುವ ಎರಡು ಸರಳು. ಎರಡೂ ಒಟ್ಟಿಗೆ ತಳ್ಳಿದರೆ ತಲೆ ಬಗ್ಗುತ್ತದೆ, ಒಂದು ತಳ್ಳಿ ಇನ್ನೊಂದು ಎಳೆದರೆ ಪಕ್ಕಕ್ಕೆ ವಾಲುತ್ತದೆ. ಎರಡೂ ಚಲನೆಗೆ ಎರಡೂ ಸರ್ವೋ ದುಡಿಯುತ್ತವೆ. ಒಂದರ ಮೇಲೊಂದು ಪೇರಿಸಿದ್ದರೆ ಮೇಲಿನದರ ತೂಕವನ್ನೂ ಕೆಳಗಿನದು ಹೊರಬೇಕಿತ್ತು. ತಲೆ ತಿರುಗಿಸಲು ಬುಡದಲ್ಲಿ ಮೂರನೆಯದು. ಕಣ್ಣು, ದವಡೆ ಇವೆಲ್ಲ ಸಣ್ಣ ಸರ್ವೋಗಳ ಕೆಲಸ, ಬರೆಯುವಂಥದ್ದೇನಿಲ್ಲ.

ಕರೆಂಟು ಮತ್ತು ನಡೆ

ದೊಡ್ಡ ಸರ್ವೋ ಒಂಬತ್ತು. ಒಂದೊಂದೂ 6 ವೋಲ್ಟಿನಲ್ಲಿ ಸಿಕ್ಕಿಕೊಂಡು ನಿಂತರೆ 2.5 ಆಂಪಿಯರ್ ಎಳೆಯಬಹುದು, ಒಟ್ಟು 22 ಆಂಪಿಯರ್ ದಾಟುತ್ತದೆ. ಎಲ್ಲವೂ ಒಟ್ಟಿಗೆ ಸಿಕ್ಕಿಕೊಳ್ಳುವುದು ಅಪರೂಪ. ಆದರೆ ಮುಷ್ಟಿ ಕಟ್ಟುವಾಗ ಐದು ಒಟ್ಟಿಗೆ ಹೊರಡುತ್ತವೆ. ಆಗ ವೋಲ್ಟೇಜ್ ಕುಸಿದು ಕಂಟ್ರೋಲರ್ ರೀಸೆಟ್ ಆಗುತ್ತದೆ. ರೀಸೆಟ್ ಆದರೆ ಎಲ್ಲ ಸರ್ವೋ ಮತ್ತೆ ಮೊದಲ ಸ್ಥಾನಕ್ಕೆ ಜಿಗಿಯುತ್ತವೆ, ಮತ್ತೆ ಕುಸಿತ. ರೋಬೋಟ್ ಗಡಗಡ ನಡುಗುವುದು ಇದಕ್ಕೇ. ಸರ್ವೋಗಳಿಗೆ ಪ್ರತ್ಯೇಕ ಸಪ್ಲೈ, ಕಂಟ್ರೋಲರಿಗೆ ಪ್ರತ್ಯೇಕ, ಎರಡರ ಗ್ರೌಂಡ್ ಮಾತ್ರ ಒಂದೇ. ಸರ್ವೋಗಳ ಹತ್ತಿರವೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಸರ್ವೋಗಳನ್ನು ನಡೆಸುವ ಪಿಸಿಎ9685 ಬೋರ್ಡಿನಿಂದ ಸಿಗ್ನಲ್ ಮಾತ್ರ ತೆಗೆದುಕೊಂಡು ಪವರನ್ನು ದಪ್ಪ ವೈರಿನಲ್ಲಿ ಬೇರೆಯಾಗಿ ಕೊಟ್ಟೆ. ಆ ಬೋರ್ಡಿನ ತೆಳು ಪಟ್ಟಿಗಳಲ್ಲಿ ಇಷ್ಟು ಕರೆಂಟ್ ಹರಿಸಬಾರದು.

ಸರ್ವೋಗೆ ಸಿಗ್ನಲ್ 20 ಮಿಲಿಸೆಕೆಂಡಿಗೊಮ್ಮೆ ಹೋಗುತ್ತದೆ. ಆ ಬೋರ್ಡ್ ಅಷ್ಟು ಹೊತ್ತನ್ನು 4096 ಭಾಗ ಮಾಡುತ್ತದೆ, ಒಂದು ಭಾಗ 4.88 ಮೈಕ್ರೋಸೆಕೆಂಡ್. ಸರ್ವೋದ ಡೆಡ್‌ಬ್ಯಾಂಡೇ, ಅಂದರೆ ಅದು ಗಮನಿಸದೆ ಬಿಡುವ ವ್ಯತ್ಯಾಸವೇ, 5 ಮೈಕ್ರೋಸೆಕೆಂಡ್ ಇರುವಾಗ ಇದಕ್ಕಿಂತ ಸೂಕ್ಷ್ಮ ಬೇಡ.

ಚಲನೆ ಮನುಷ್ಯನ ಥರ ಕಾಣಲು ವೇಗದ ಏರಿಳಿತ ಮುಖ್ಯ. 1985ರಲ್ಲಿ ಫ್ಲಾಶ್ ಮತ್ತು ಹೋಗನ್ ಎಂಬ ಸಂಶೋಧಕರು ಮನುಷ್ಯನ ಕೈ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ರೀತಿಗೆ ಒಂದು ಸೂತ್ರ ಕೊಟ್ಟರು. ಕಾಲವನ್ನು 0ಯಿಂದ 1ರವರೆಗೆ ತೆಗೆದುಕೊಂಡರೆ ಕಾಲದ ಘನದ 10 ಪಟ್ಟು, ಅದರಿಂದ ನಾಲ್ಕನೇ ಘಾತದ 15 ಪಟ್ಟು ಕಳೆದು, ಐದನೇ ಘಾತದ 6 ಪಟ್ಟು ಕೂಡಿಸಿದರೆ ದೂರ ಸಿಗುತ್ತದೆ. ನಿಧಾನಕ್ಕೆ ಹೊರಟು, ನಡುವೆ ಜೋರಾಗಿ, ಮತ್ತೆ ನಿಧಾನಕ್ಕೆ ನಿಲ್ಲುತ್ತದೆ. ನಡುವಿನ ವೇಗ ಸರಾಸರಿಯ 1.875 ಪಟ್ಟು ಆಗುತ್ತದೆ, ಸರ್ವೋ ಅದಕ್ಕೆ ತಾಳಬೇಕು ಅಷ್ಟೇ. ಒಂದು ಸಾಲಿನ ಕೋಡ್. ಇದು ಬಂದ ಮೇಲೆ ಹಲ್ಲು ಕಿತ್ತುಹೋದ ಗೇರುಗಳೂ ಕಡಿಮೆಯಾದವು, ಯಾಕೆಂದರೆ ಧಡಕ್ಕನೆ ಹೊರಟು ಧಡಕ್ಕನೆ ನಿಲ್ಲುವುದು ತಪ್ಪಿತು.

ಎಡಗೈಗೆ ಮೊಣಕೈಯನ್ನು ಹೀಗೇ ಇಡುತ್ತೇನೆ. ಮುಂಗೈ ಮಾತ್ರ ಬದಲು. ಐದು ಸರ್ವೋಗಳನ್ನು ಮೊಣಕೈಯಿಂದ 14 ಸೆಂ.ಮೀ. ಬದಲು 8 ಸೆಂ.ಮೀ. ದೂರಕ್ಕೆ ಜರುಗಿಸಿದರೆ ಮೊಣಕೈಗೆ 1.65 ಕೆಜಿ-ಸೆಂ.ಮೀ. ಹಗುರ, ಭುಜಕ್ಕೂ ಅಷ್ಟೇ. ಟೆಫ್ಲಾನ್ ಟ್ಯೂಬ್ 6 ಸೆಂ.ಮೀ. ಉದ್ದವಾಗುತ್ತದೆ. ಅದು ನೇರವಾಗಿ ಹೋಗುವುದರಿಂದ ಘರ್ಷಣೆ ಹೆಚ್ಚೇನೂ ಕೂಡುವುದಿಲ್ಲ. ರಾಟೆಗಳು ಒಂದರ ಹಿಂದೊಂದು ಬರುವುದರಿಂದ ದಾರಗಳು ಒಂದಕ್ಕೊಂದು ತಾಗದಂತೆ ಎರಡು ಮಟ್ಟದಲ್ಲಿ ಇಡಬೇಕು. ಆ ತುಂಡನ್ನೇ ಈಗ ಕ್ಯಾಡ್‌ನಲ್ಲಿ ಬರೆಯುತ್ತಿದ್ದೇನೆ.